ಟ್ಯಾಬ್ ಕೊಳ್ಳುವ ಮೊದಲು ಫೋನ್ ಮಾಡಿ

ಪ್ರಶ್ನೆ: ನಾವು ಮುಂಬೈನ ಘಾಟ್‌ಕೋಪರ್ ಕಡೆಯ ಒಂದು ಸಣ್ಣ ಕನ್ನಡ ಬಳಗದವರು. ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಬಂದ ಕಟ್ಟಡ ಕೆಲಸದವರ ಮಕ್ಕಳು ನಮ್ಮ ಸುತ್ತ ತುಂಬ ಇದ್ದಾರೆ. ಜತೆಗೆ ಕೆಲವು ಹೋಟೆಲ್ ಹುಡುಗರು. ವಯಸ್ಸು 13ರಿಂದ 19. ಏಳನೇ ತರಗತಿಗೋ ಒಂಬತ್ತಕ್ಕೋ ಶಾಲೆ ಬಿಟ್ಟವರು. ಭಾನುವಾರದ ಕ್ಲಾಸಿಗೆ ಬನ್ನಿ ಅಂದರೆ ಬರುವುದಿಲ್ಲ, ಮೊಬೈಲ್ ಮಾತ್ರ ಕೈಯಿಂದ ಇಳಿಯುವುದಿಲ್ಲ, ಯಾವಾಗ ನೋಡಿದರೂ ರೀಲ್ಸ್. ಮೊಬೈಲಿನಿಂದಲೇ ಕಲಿಸೋಣ ಅಂತ ಯೋಚನೆ. ದಾನಿಯೊಬ್ಬರು 20 ಟ್ಯಾಬ್ ಕೊಡಿಸಲು ಮುಂದೆ ಬಂದಿದ್ದಾರೆ. ತಗೊಳ್ಳೋಣವೇ? ಯಾವ ಆ್ಯಪ್ ಹಾಕಿಸಬೇಕು? ಹುಡುಗಿಯರ ಕೈಗೆ ಮೊಬೈಲೇ ಸಿಗುವುದಿಲ್ಲ, ಅವರಿಗೇನು ದಾರಿ?

ಉತ್ತರ: ಟ್ಯಾಬ್ ಸದ್ಯಕ್ಕೆ ಬೇಡ. ದಾನಿಗೆ ಬೇಸರ ಆಗದ ಹಾಗೆ ಹೇಳಿ. ದುಡ್ಡನ್ನು ಮಾತ್ರ ಬಿಡಬೇಡಿ, ಅದಕ್ಕೆ ಬೇರೆ ಕೆಲಸ ಇದೆ, ಮುಂದೆ ಹೇಳುತ್ತೇನೆ.

ಟ್ಯಾಬ್ ಹಂಚುವ ಕಾರ್ಯಕ್ರಮದಲ್ಲಿ ಫೋಟೊ ಚೆನ್ನಾಗಿ ಬರುತ್ತದೆ. ಆಮೇಲಿನ ಕತೆ ಯಾರೂ ಬರೆಯುವುದಿಲ್ಲ. ಹತ್ತು ಬೈ ಹತ್ತರ ಖೋಲಿ, ಅದರಲ್ಲಿ ಐದಾರು ಜನ, ಚಾರ್ಜಿಂಗ್ ಪಾಯಿಂಟ್ ಒಂದು. ಅಂಥ ಮನೆಗೆ ಹೋದ ಟ್ಯಾಬ್ ಸ್ವಲ್ಪ ದಿನ ಟೀವಿ ಆಗುತ್ತದೆ, ಕೈ ಬಿಗಿಯಾದ ತಿಂಗಳು ಗಿರವಿ ಅಂಗಡಿಗೆ ಹೋಗುತ್ತದೆ. ಮನೆಯವರನ್ನು ದೂರುವ ಮಾತಲ್ಲ ಇದು. ದುಡ್ಡಿಲ್ಲದಾಗ ನಾವಾದರೂ ಅದನ್ನೇ ಮಾಡುತ್ತಿದ್ದೆವು. ಸರಿ, ಗಿರವಿಗೆ ಹೋಗದೆ ಮಗುವಿನ ಕೈಯಲ್ಲೇ ಉಳಿದರೆ ಕಲಿಕೆ ಆಗುತ್ತದಾ? ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಬಡ ಮಕ್ಕಳಿಗೆ ಒಬ್ಬೊಬ್ಬರಿಗೊಂದು ಲ್ಯಾಪ್‌ಟಾಪ್ ಕೊಟ್ಟರು. ಹಳ್ಳಿಗಾಡಿನ 319 ಶಾಲೆಗಳನ್ನು ತೆಗೆದುಕೊಂಡು ಅದರ ಪರಿಣಾಮವನ್ನು ಅಳೆದರು. 2012ರಲ್ಲಿ ಬಂದ ವರದಿ ಹೇಳಿದ್ದು ಇಷ್ಟು: ಲೆಕ್ಕದಲ್ಲೂ ಭಾಷೆಯಲ್ಲೂ ಆ ಮಕ್ಕಳು ಮುಂದೆ ಬಂದದ್ದು ಕಾಣಲಿಲ್ಲ. ಸಾಧನ ಇತ್ತು, ಅದರಲ್ಲಿ ಪುಸ್ತಕಗಳೂ ಇದ್ದವು. ಸಾಲಲಿಲ್ಲ.

ಹಾಗಂತ ತಂತ್ರಜ್ಞಾನ ಸುಮ್ನೆ ದಂಡ ಅನ್ನಬೇಡಿ. ದಿಲ್ಲಿಯಲ್ಲಿ ಅರ್ಥಶಾಸ್ತ್ರಜ್ಞ ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು ಮಾಡಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಬಡ ಕುಟುಂಬಗಳ ಮಕ್ಕಳು ದಿನದ ಶಾಲೆ ಮುಗಿಸಿ ಒಂದು ಕೇಂದ್ರಕ್ಕೆ ಬಂದು ಕಂಪ್ಯೂಟರಿನಲ್ಲಿ ಕಲಿತರು. ನಾಲ್ಕೂವರೆ ತಿಂಗಳಲ್ಲಿ ಲೆಕ್ಕ ಮತ್ತು ಹಿಂದಿ ಎರಡರಲ್ಲೂ ಒಳ್ಳೆಯ ಸುಧಾರಣೆ. ಪೆರುವಿನಲ್ಲಿ ಆಗದ್ದು ಇಲ್ಲಿ ಹೇಗೆ ಆಯಿತು? ಆ ಸಾಫ್ಟ್‌ವೇರ್ ಮೊದಲು ಪ್ರತಿ ಮಗುವಿನ ಮಟ್ಟ ಅಳೆಯುತ್ತಿತ್ತು, ಅಲ್ಲಿಂದಲೇ ಪಾಠ ಶುರು ಮಾಡುತ್ತಿತ್ತು. ಆರನೇ ತರಗತಿಯ ಮಕ್ಕಳು ಲೆಕ್ಕದಲ್ಲಿ ಸರಾಸರಿ ಎರಡೂವರೆ ತರಗತಿ ಹಿಂದಿದ್ದರು. ಆರನೇ ತರಗತಿಯ ಪುಸ್ತಕವನ್ನೇ ಪರದೆ ಮೇಲೆ ತೋರಿಸಿದ್ದರೆ ಅವರಿಗೆ ಏನು ತಿಳಿಯುತ್ತಿತ್ತು ಹೇಳಿ? ಇನ್ನೊಂದು ವಿಷಯ, ಅಲ್ಲಿ ಕೇಂದ್ರದಲ್ಲಿ ಮನುಷ್ಯರೂ ಇದ್ದರು. ಬಂದೆಯಾ, ಬರಲಿಲ್ಲವಾ ಅಂತ ಕೇಳುವವರು.

ನಿಮಗೆ ನೇರವಾಗಿ ಉಪಯೋಗಕ್ಕೆ ಬರುವ ಉದಾಹರಣೆ ಆಫ್ರಿಕದ ಬೋಟ್ಸ್ವಾನದ್ದು. 2020ರಲ್ಲಿ ಕೊರೊನಾಗೆ ಶಾಲೆ ಮುಚ್ಚಿದಾಗ ಅಲ್ಲಿ ಸುಮಾರು 4,500 ಮನೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಕೆಲವು ಮನೆಗಳಿಗೆ ವಾರಕ್ಕೊಮ್ಮೆ ಲೆಕ್ಕದ ಎಸ್ಸೆಮ್ಮೆಸ್ ಮಾತ್ರ. ಇನ್ನು ಕೆಲವಕ್ಕೆ ಎಸ್ಸೆಮ್ಮೆಸ್ ಜತೆಗೆ ವಾರಕ್ಕೊಂದು ಫೋನ್ ಕಾಲ್, 15ರಿಂದ 20 ನಿಮಿಷ. ಕಾಲ್ ಮಾಡಿದವರು ಮಗುವಿನ ಹತ್ತಿರ ಆ ಲೆಕ್ಕ ಮಾಡಿಸುತ್ತಿದ್ದರು, ಮನೆಯವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. ಬರೀ ಎಸ್ಸೆಮ್ಮೆಸ್ ಹೋದ ಕಡೆ ಹೇಳಿಕೊಳ್ಳುವಂಥ ಫಲ ಬರಲಿಲ್ಲ. ಕಾಲ್ ಹೋದ ಕಡೆ ಮಕ್ಕಳು ಕಲಿತರು. ಆಮೇಲೆ ಇದನ್ನೇ ಭಾರತವೂ ಸೇರಿ ಐದು ದೇಶಗಳಲ್ಲಿ ಮತ್ತೆ ಪರೀಕ್ಷಿಸಿದರು, ಅಲ್ಲೂ ಕೆಲಸ ಮಾಡಿತು. ಸ್ಮಾರ್ಟ್‌ಫೋನ್ ಬೇಕಿಲ್ಲ, ಇಂಟರ್‌ನೆಟ್ ಬೇಕಿಲ್ಲ. ಬಟನ್ ಫೋನ್ ಸಾಕು.

ಹಾಗಾಗಿ ಯಾವ ಆ್ಯಪ್ ಎಂಬ ಪ್ರಶ್ನೆಗೆ ನನ್ನ ಉತ್ತರ: ಮೊದಲ ಮೂರು ತಿಂಗಳು ಯಾವುದೂ ಬೇಡ. ಫೋನಿನ ಆ ತುದಿಯಲ್ಲಿ ಯಾರಿದ್ದಾರೆ ಅನ್ನುವುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಮುಂಬೈ ಕನ್ನಡಿಗರಿಗೆ ಇದು ಹೊಸ ವಿದ್ಯೆಯೂ ಅಲ್ಲ. 1902ರಲ್ಲಿ ಶುರುವಾದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ಇಲ್ಲಿ ರಾತ್ರಿ ಶಾಲೆ ನಡೆಸಿದವು. ಹಗಲು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದ ಹುಡುಗರು ರಾತ್ರಿ ಕೂತು ಮೆಟ್ರಿಕ್ ಮುಗಿಸಿದರು. ಆ ಕಾಲದವರು ಈಗಲೂ ನೆನೆಯುವುದು ತಮ್ಮನ್ನು ಹುಡುಕಿಕೊಂಡು ಬಂದ ಮೇಷ್ಟ್ರನ್ನು. ಇಂದಿನ ಹುಡುಗ ಇವತ್ತು ಘಾಟ್‌ಕೋಪರಿನಲ್ಲಿ, ಮುಂದಿನ ತಿಂಗಳು ಮುಕಾದಮ್, ಅಂದರೆ ಕೂಲಿಯವರ ಮೇಸ್ತ್ರಿ, ಹೇಳಿದ ಕಡೆ, ಪನ್ವೇಲ್ ಸೈಟಿಗೋ ಭಿವಂಡಿಗೋ. ಯಾವ ಮೇಷ್ಟ್ರು ಅಷ್ಟು ದೂರ ಹೋಗಲು ಆಗುತ್ತದೆ? ಫೋನ್ ಹೋಗುತ್ತದೆ. ಈ ಮಕ್ಕಳ ವಿಷಯದಲ್ಲಿ ಮೊಬೈಲಿನ ದೊಡ್ಡ ಉಪಯೋಗ ನನ್ನ ಕಣ್ಣಿಗೆ ಕಂಡದ್ದು ಇದೇ.

ಒಬ್ಬ ಸ್ವಯಂಸೇವಕರಿಗೆ ಐದು ಮಕ್ಕಳು, ಅದಕ್ಕಿಂತ ಜಾಸ್ತಿ ಬೇಡ. ಐದು ಕಾಲ್, ತಲಾ 20 ನಿಮಿಷ. ವಾರಕ್ಕೆ ಎರಡು ಗಂಟೆಯೂ ಆಗುವುದಿಲ್ಲ, ನೌಕರಿ ಮಾಡುವವರಿಂದಲೂ ಸಾಧ್ಯ. ಒಂದೇ ದಿನ, ಒಂದೇ ಹೊತ್ತು, ಒಂದೇ ದನಿ. ಈ ವಾರ ಒಬ್ಬರು ಮುಂದಿನ ವಾರ ಇನ್ನೊಬ್ಬರು ಅಂತ ಮಾಡಿದರೆ ಹುಡುಗರು ಫೋನ್ ಎತ್ತುವುದನ್ನೇ ಬಿಡುತ್ತಾರೆ. ಹೊತ್ತು ನಿಮಗೆ ಅನುಕೂಲವಾದದ್ದಲ್ಲ, ಅವರಿಗೆ ಅನುಕೂಲವಾದದ್ದು. ಹೋಟೆಲ್ ಹುಡುಗರಿಗೆ ಮಧ್ಯಾಹ್ನದ ಊಟದ ಗಿರಾಕಿಗಳು ಮುಗಿದು ಸಂಜೆ ಚಹಾ ಶುರುವಾಗುವ ನಡುವೆ ಸ್ವಲ್ಪ ಬಿಡುವು ಇರುತ್ತದೆ. ಸೈಟಿನವರಿಗೆ ರಾತ್ರಿ ಊಟ ಆದ ಮೇಲೆ. ಬ್ಯಾಲೆನ್ಸ್ ಇಲ್ಲದವನು ಮಿಸ್ಡ್ ಕಾಲ್ ಕೊಡಲಿ, ನೀವು ತಿರುಗಿ ಮಾಡಿ. ಪ್ರತಿ ಮಗುವಿನ ಹೆಸರಿನ ಮುಂದೆ ಎರಡು ನಂಬರ್ ಬರೆದುಕೊಳ್ಳಿ, ಇಲ್ಲಿಯದೊಂದು, ಊರಲ್ಲಿರುವ ಅಜ್ಜಿಯದೋ ಚಿಕ್ಕಪ್ಪನದೋ ಇನ್ನೊಂದು. ಇವರ ಸಿಮ್ ಬದಲಾಗುತ್ತಲೇ ಇರುತ್ತದೆ.

ಮೊದಲ ಕಾಲಿನಲ್ಲಿ ಪಾಠ ಬೇಡ, ಮಟ್ಟ ತಿಳಿದುಕೊಳ್ಳಿ. ನಾಲ್ಕು ಸಾಲಿನ ಒಂದು ಸುಲಭ ಕತೆಯ ಫೋಟೊ ಕಳಿಸಿ. ಗಟ್ಟಿಯಾಗಿ ಓದಿ ವಾಯ್ಸ್ ನೋಟ್ ಕಳಿಸಲು ಹೇಳಿ. ಒಂಬತ್ತನೇ ತರಗತಿಯವರೆಗೆ ಹೋದವನು ಎರಡನೇ ತರಗತಿಯ ಸಾಲಿಗೆ ತಡವರಿಸಿದರೆ ಗಾಬರಿ ಆಗಬೇಡಿ, ಮುಖ್ಯವಾಗಿ ಅವನಿಗೆ ಅದು ಗೊತ್ತಾಗಿಸಬೇಡಿ. ದೇಶದ ಹಳ್ಳಿಗಳಲ್ಲಿ 14ರಿಂದ 18 ವಯಸ್ಸಿನವರನ್ನು ನೋಡಿದ 2023ರ ಅಸರ್ ಸಮೀಕ್ಷೆಯಲ್ಲಿ ಸುಮಾರು ಕಾಲು ಭಾಗದಷ್ಟು ಮಕ್ಕಳು ತಮ್ಮ ಭಾಷೆಯ ಎರಡನೇ ತರಗತಿಯ ಪಾಠವನ್ನು ಸರಾಗವಾಗಿ ಓದಲಿಲ್ಲ. ಭಾಗಾಕಾರ ಮಾಡಲು ಬಂದದ್ದು ಅರ್ಧಕ್ಕಿಂತ ಕಡಿಮೆ ಜನಕ್ಕೆ. ನಿಮ್ಮ ಮಕ್ಕಳು ಬಂದಿರುವುದು ಇಂಥ ಹಳ್ಳಿಗಳಿಂದಲೇ. ಭಾನುವಾರದ ಕ್ಲಾಸಿಗೆ ಅವರು ಬಾರದಿರಲು ಇದೂ ಒಂದು ಕಾರಣ ಇರಬಹುದು. ಎಲ್ಲರೆದುರು ಓದು ಅಂದುಬಿಟ್ಟರೆ? ಹದಿನಾರರ ಹುಡುಗನಿಗೆ ಅದಕ್ಕಿಂತ ಅವಮಾನ ಬೇರೆ ಇಲ್ಲ. ವಾಯ್ಸ್ ನೋಟಿನಲ್ಲಿ ಆ ಭಯ ಇಲ್ಲ. ಹತ್ತು ಸಲ ತಪ್ಪಿ, ಅಳಿಸಿ, ಹನ್ನೊಂದನೆಯದನ್ನು ಕಳಿಸಬಹುದು. ಆ ಹತ್ತು ಸಲವೂ ಅವನು ಓದಿರುತ್ತಾನೆ, ಅಲ್ವಾ?

ಭಾಷೆಯದು ನಮ್ಮ ಊರಿನದೇ ತಕರಾರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಇಲ್ಲವೇ ಹಿಂದಿ, ಬೀದಿಯಲ್ಲಿ ಬಂಬಯ್ಯಾ ಹಿಂದಿ, ಫೋನಿನಲ್ಲಿ ಇಂಗ್ಲಿಷ್. ನನ್ನ ಸಲಹೆ: ವಿವರಣೆ ಯಾವಾಗಲೂ ಮನೆಮಾತಿನಲ್ಲಿ, ಓದು ಬರಹ ಅವರು ಶಾಲೆಯಲ್ಲಿ ಕಲಿತಿದ್ದ ಲಿಪಿಯಲ್ಲಿ. ಮರಾಠಿ ಲಿಪಿ ಬರುವವನಿಗೆ ಅಭಿಮಾನದ ಹೆಸರಲ್ಲಿ ಮೊದಲ ದಿನವೇ ಕನ್ನಡ ಅಕ್ಷರ ಹೇರಬೇಡಿ. ಬಳಗದ ಹಿರಿಯರಿಗೆ ಇದು ಹಿಡಿಸದಿರಬಹುದು. ಕನ್ನಡ ಅಕ್ಷರವನ್ನು ಆಮೇಲೆ ಅವನೇ ಕೇಳುತ್ತಾನೆ, ಊರಿನ ಬಸ್ಸಿನ ಬೋರ್ಡ್ ಓದಬೇಕಲ್ಲ! ಇಲ್ಲಿ ಫೋನಿನ ಒಂದು ಆಟ ತುಂಬ ಕೆಲಸಕ್ಕೆ ಬರುತ್ತದೆ. ಕೀಬೋರ್ಡಿನ ಮೈಕ್ ಒತ್ತಿ ಮಾತಾಡಿದರೆ ಅದು ಅಕ್ಷರವಾಗುತ್ತದೆ. ಕನ್ನಡಕ್ಕೂ ಮರಾಠಿಗೂ ಇದೆ. ತಾನಾಡಿದ ಮಾತು ಕಣ್ಣೆದುರೇ ಬರಹವಾದಾಗ ಅದನ್ನು ಓದಲು ಯಾರೂ ಒತ್ತಾಯ ಮಾಡಬೇಕಾಗಿಲ್ಲ. ಕಲಬುರಗಿ ಕನ್ನಡ ಮಾತಾಡಿದರೆ ಅದು ಏನೇನೋ ಬರೆಯುತ್ತದೆ, ಹುಡುಗರು ಬಿದ್ದು ಬಿದ್ದು ನಗುತ್ತಾರೆ. ನಗಲಿ. ತಪ್ಪು ಎಲ್ಲಿ ಆಯಿತು ಅಂತ ಹುಡುಕಿ ತಿದ್ದಲು ಹೇಳಿ, ಅದೇ ಅವತ್ತಿನ ಪಾಠ.

ಏನು ಕಲಿಸಬೇಕು ಅನ್ನುವುದಕ್ಕೆ ಪುಸ್ತಕದ ಮೊದಲ ಪುಟದಿಂದ ಹೋಗಬೇಡಿ. ದುಡಿಯುವ ಮಕ್ಕಳು ಇವರು, ದುಡ್ಡಿನ ಲೆಕ್ಕ ಅಂದರೆ ಕಿವಿ ನೆಟ್ಟಗಾಗುತ್ತದೆ. ನೂರಕ್ಕೆ ಮೂರು ಅಂತ ಅಪ್ಪ ಹತ್ತು ಸಾವಿರ ಸಾಲ ಎತ್ತಿದ್ದಾನೆ. ತಿಂಗಳಿಗೆ ಬಡ್ಡಿ 300, ವರ್ಷಕ್ಕೆ 3,600. ಅಸಲು ಹತ್ತು ಸಾವಿರ ಹಾಗೇ ನಿಂತಿದೆ. ಅಂದರೆ ವರ್ಷಕ್ಕೆ ಶೇ 36. ಈ ಲೆಕ್ಕ ಹಾಕಿದ ಹುಡುಗ ಮುಂದಿನ ವಾರ ತಾನೇ ಮಿಸ್ಡ್ ಕಾಲ್ ಕೊಡುತ್ತಾನೆ. ಟೈಲ್ಸ್ ಕೆಲಸದವನಿಗೆ: 12 ಅಡಿ ಉದ್ದ, 10 ಅಡಿ ಅಗಲದ ಕೋಣೆ, ಎರಡಡಿ ಚೌಕದ ಟೈಲ್ಸ್, ಎಷ್ಟು ಬೇಕು? ಮೂವತ್ತು. ಒಡೆಯುವುದಕ್ಕೆ, ಕತ್ತರಿಸುವುದಕ್ಕೆ ಅಂತ ಶೇ 10 ಸೇರಿಸಿದರೆ 33. ಇದನ್ನು ಅವನು ನಿಮಗಿಂತ ಬೇಗ ಹೇಳುತ್ತಾನೆ. ಬಾಯಿಲೆಕ್ಕದಲ್ಲಿ ಗೊತ್ತಿರುವುದನ್ನು ಕಾಗದದ ಮೇಲೆ ಬರೆಯುವುದು ಮಾತ್ರ ಕಲಿಸಬೇಕು, ಕ್ಷೇತ್ರಫಲದ ಪಾಠ ಅಲ್ಲೇ ಮುಗಿಯಿತು.

ರೀಲ್ಸ್ ಬಗ್ಗೆ ನಿಮ್ಮ ಪತ್ರದಲ್ಲಿ ಸಿಟ್ಟಿದ್ದ ಹಾಗೆ ಕಂಡಿತು. ಆ ಹುಡುಗರಿಗೆ ವಿಡಿಯೊ ಕತ್ತರಿಸಿ ಜೋಡಿಸಲು ಬರುತ್ತದೆ, ನಮಗೆ ಬರುವುದಿಲ್ಲ. ಅದನ್ನೇ ಕೇಳಿ. ಟೈಲ್ಸ್ ಹಾಕುವುದು ಹೇಗೆ, ದೋಸೆ ಹಿಟ್ಟಿನ ಹದ ಯಾವುದು, ಕೂಲಿಯವರು ಬೆಳಿಗ್ಗೆ ಕೆಲಸಕ್ಕೆ ಕಾಯುವ ನಾಕಾದಲ್ಲಿ ಕೂಲಿ ಹೇಗೆ ಮಾತಾಡಿಕೊಳ್ಳುತ್ತಾರೆ, ಒಂದು ನಿಮಿಷದ ವಿಡಿಯೊ ಮಾಡಿ ಕಳಿಸು ಅನ್ನಿ. ಒಂದೇ ಷರತ್ತು, ಹೇಳುವುದನ್ನು ಮೊದಲು ಬರೆದು ಕಳಿಸಬೇಕು. ಧಾರಾವಿಯ ನಯಾ ನಗರದಲ್ಲಿ ‘ಧಾರಾವಿ ಡೈರಿ’ ಎಂಬ ಯೋಜನೆಯ ಹುಡುಗಿಯರು ಇನ್ನೂ ಮುಂದೆ ಹೋದರು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರ ಉಚಿತ ಸಾಧನ ಬಳಸಿ ತಾವೇ ಆ್ಯಪ್ ಮಾಡಿದರು. ಒಂದು ಆ್ಯಪ್ ಹೆಂಗಸರ ಸುರಕ್ಷತೆಗೆ, ಇನ್ನೊಂದು ನಲ್ಲಿಯ ಸರದಿ ಬಂದಾಗ ತಿಳಿಸುವುದಕ್ಕೆ. ನೀರಿನ ಸಾಲಿನಲ್ಲಿ ನಿಂತು ನಿಂತು ಶಾಲೆ ತಪ್ಪಿಸಿಕೊಂಡವರಿಗೇ ಅಂಥ ಆ್ಯಪ್ ಹೊಳೆಯುವುದು.

ಈಗ ಹುಡುಗಿಯರ ಮಾತು. ಇದೇ ಎಲ್ಲಕ್ಕಿಂತ ಕಷ್ಟದ್ದು. ಅದೇ ಅಸರ್ ಸಮೀಕ್ಷೆಯಲ್ಲಿ, ಸ್ಮಾರ್ಟ್‌ಫೋನ್ ಬಳಸಲು ಬರುವವರ ಪೈಕಿ ಸ್ವಂತ ಫೋನ್ ಇದ್ದದ್ದು ಹುಡುಗರಲ್ಲಿ ಶೇ 43.7, ಹುಡುಗಿಯರಲ್ಲಿ ಶೇ 19.8. ಹುಡುಗಿಗೆ ಫೋನ್ ಕೊಡಿಸಿದರೆ ಆಯಿತು ಅಂತ ಕೆಲವರು ಅಂದುಕೊಳ್ಳುತ್ತಾರೆ. ಅದು ಸಂಜೆಯೊಳಗೆ ಅಣ್ಣನ ಜೇಬಿನಲ್ಲಿರುತ್ತದೆ. ಜಗಳ, ಅನುಮಾನ, ಕೊನೆಗೆ ಅವಳಿಗೇ ಪೆಟ್ಟು. ಹಾಗಾಗಿ ತಾಯಿಯ ಫೋನಿನಿಂದ ಶುರು ಮಾಡಿ. ಕಾಲ್ ಮಾಡುವವರು ಹೆಂಗಸೇ ಆಗಿರಲಿ. ಮೊದಲ ಎರಡು ಸಲ ಮಾತು ತಾಯಿಯ ಜತೆಗೇ ನಡೆಯಲಿ, ಅವಳಿಗೇನು ಬೇಕು ಕೇಳಿ. ಊರಿಗೆ ಹಣ ಹೋಯಿತಾ, ಗ್ಯಾಸಿನ ಮೆಸೇಜ್ ಏನು ಹೇಳುತ್ತದೆ, ಲೈಟ್ ಬಿಲ್ಲಿನ ಕೊನೆಯ ದಿನ ಯಾವಾಗ. ಇದನ್ನೆಲ್ಲ ಓದಿ ಹೇಳುವ ಕೆಲಸ ಮಗಳಿಗೆ ಬಿದ್ದರೆ ಫೋನ್ ಅವಳ ಕೈಗೆ ತಾನಾಗಿ ಬರುತ್ತದೆ, ಯಾರೂ ಕೇಳುವುದಿಲ್ಲ. ಕಾಲ್ ಲೌಡ್‌ಸ್ಪೀಕರಿನಲ್ಲೇ ಇರಲಿ, ಮನೆಯವರೆಲ್ಲ ಕೇಳಿಸಿಕೊಳ್ಳಲಿ. ಗುಟ್ಟಿಲ್ಲ ಅಂತ ಗೊತ್ತಾದರೆ ಅರ್ಧ ವಿರೋಧ ಹೋಗುತ್ತದೆ. ಪಕ್ಕದ ಮೂರು ಖೋಲಿಯ ಹುಡುಗಿಯರು ಒಂದೇ ಫೋನಿನ ಸುತ್ತ ಕೂತರೆ ಇನ್ನೂ ಒಳ್ಳೆಯದು. ಬೇರೆ ಬೇರೆ ಕಡೆ ಇರುವ ಮೂರ್ನಾಲ್ಕು ಜನರನ್ನು ಕಾನ್ಫರೆನ್ಸ್ ಕಾಲಿನಲ್ಲೂ ಸೇರಿಸಬಹುದು. ತಮ್ಮ ತಂಗಿಯರನ್ನು ನೋಡಿಕೊಳ್ಳುತ್ತ ಮನೆಯಲ್ಲೇ ಇರುವವರಿಗೆ ನೀರು ತುಂಬಿ, ಅಡಿಗೆ ಮುಗಿದ ಮಧ್ಯಾಹ್ನದ ಹೊತ್ತು ಸರಿ. ಮದುವೆಯಾದವರನ್ನು, ಇಪ್ಪತ್ತು ದಾಟಿದವರನ್ನು ಬಿಡಬೇಡಿ. ಮುಂಬೈನ ಕೊಳೆಗೇರಿಗಳಲ್ಲೇ ಶುರುವಾದ ಪ್ರಥಮ್ ಸಂಸ್ಥೆ, ಶಾಲೆ ಬಿಟ್ಟ ಹೆಂಗಸರಿಗೆ ಹತ್ತನೇ ತರಗತಿ ಮುಗಿಸಲು ‘ಸೆಕೆಂಡ್ ಚಾನ್ಸ್’ ಎಂಬ ಕಾರ್ಯಕ್ರಮ ನಡೆಸುತ್ತದೆ. ಅವರ ಜತೆ ಮಾತಾಡಿ.

ಹುಡುಗ ಹುಡುಗಿಯರನ್ನು ಸೇರಿಸಿ ವಾಟ್ಸಾಪ್ ಗ್ರೂಪ್ ಮಾಡಲೇಬೇಡಿ. ಗ್ರೂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ಒಂದು ರಾತ್ರಿ ಯಾರೋ ಒಬ್ಬ ಹುಡುಗಿಗೆ ಹಾಯ್ ಅಂತ ಕಳಿಸಿದರೆ ಅವಳ ಓದು ಅಲ್ಲಿಗೇ ಮುಗಿಯಿತು, ಬಾಕಿ ಹುಡುಗಿಯರದೂ ಮುಗಿಯಿತು. ಬ್ರಾಡ್‌ಕಾಸ್ಟ್ ಲಿಸ್ಟ್ ಬಳಸಿ. ಒಂದೇ ಸಲ ಎಲ್ಲರಿಗೂ ಹೋಗುತ್ತದೆ, ಯಾರಿಗೂ ಇನ್ನೊಬ್ಬರ ನಂಬರ್ ತಿಳಿಯುವುದಿಲ್ಲ. ನಿಮ್ಮ ನಂಬರನ್ನು ಅವರು ಸೇವ್ ಮಾಡಿಕೊಂಡಿದ್ದರೆ ಮಾತ್ರ ತಲುಪುತ್ತದೆ, ಅದನ್ನು ಮೊದಲೇ ಮಾಡಿಸಿ. ವಿಡಿಯೊಗಿಂತ ಧ್ವನಿಯೇ ವಾಸಿ. ಒಂದು ನಿಮಿಷದ ವಾಯ್ಸ್ ನೋಟ್ ತೀರ ಕಡಿಮೆ ಡೇಟಾ ತಿನ್ನುತ್ತದೆ, ಅಷ್ಟೇ ಹೊತ್ತಿನ ವಿಡಿಯೊ ಹಲವು ಎಂಬಿ ತಿನ್ನುತ್ತದೆ. 2024ರ ಜುಲೈನಲ್ಲಿ ರೀಚಾರ್ಜ್ ದರ ಏರಿದ ಮೇಲೆ ಇದು ಸಣ್ಣ ವಿಷಯವಲ್ಲ. ದಿನಕ್ಕಿಷ್ಟು ಜಿಬಿ ಪ್ಯಾಕ್ ಇರುವವರದು ಸಂಜೆಗೆ ಖಾಲಿಯಾಗಿರುತ್ತದೆ. ಬೆಳಿಗ್ಗೆ ಬೇಗ ಕಳಿಸಿಡಿ.

ಕಾನೂನಿನ ಎರಡು ಮಾತು. 14 ವರ್ಷ ತುಂಬದವರಿಗೆ ಫೋನ್ ಪಾಠ ಮಾಡುತ್ತ ಕೂರಬೇಡಿ, ಅವರನ್ನು ಶಾಲೆಗೆ ಸೇರಿಸಿ. ಅದು ಅವರ ಹಕ್ಕು. ಮುಂಬೈ ಮಹಾನಗರಪಾಲಿಕೆ ಕನ್ನಡವೂ ಸೇರಿ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ. ಆ ವಯಸ್ಸಿನವರು ಕೆಲಸಕ್ಕೆ ಹೋಗುತ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ. ಇನ್ನೊಂದು, 18ರೊಳಗಿನವರ ಹೆಸರು, ನಂಬರ್, ಫೋಟೊ ಇಟ್ಟುಕೊಳ್ಳುವ ಮೊದಲು ತಂದೆ ತಾಯಿಯ ಒಪ್ಪಿಗೆ ತೆಗೆದುಕೊಳ್ಳಿ. 2023ರ ಡೇಟಾ ರಕ್ಷಣೆ ಕಾಯ್ದೆ ಕೇಳುವುದು ಅದನ್ನೇ. ಮಕ್ಕಳ ಫೋಟೊ ಬಳಗದ ಫೇಸ್‌ಬುಕ್ಕಿಗೆ ಹಾಕುವ ಆಸೆ ಇದ್ದರೆ ಈಗಲೇ ಬಿಡಿ.

ಸಾಲ ಕೊಡುವ ಆ್ಯಪ್, ದುಡ್ಡಿನ ಆಟ, ಮನೆಯಲ್ಲೇ ಕೂತು ದುಡಿಯಿರಿ ಎಂಬ ಟೆಲಿಗ್ರಾಂ ಮೆಸೇಜ್, ಇವೆಲ್ಲ ಈ ಹುಡುಗರನ್ನು ಹುಡುಕಿಕೊಂಡು ಬರುತ್ತವೆ. ಉಪದೇಶ ಮಾಡಿದರೆ ಕೇಳುವುದಿಲ್ಲ. ಅವರಿಗೆ ಬಂದ ಮೋಸದ ಮೆಸೇಜನ್ನೇ ಕಳಿಸಲು ಹೇಳಿ, ಅದರಲ್ಲಿ ಸುಳ್ಳು ಯಾವ ಸಾಲಿನಲ್ಲಿದೆ ಅಂತ ಹುಡುಕಿಸಿ. ಓದುವ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಹಣ ಹೋದರೆ ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು ಅನ್ನುವುದು ಬಾಯಿಪಾಠ ಆಗಲಿ.

ಮೂರು ತಿಂಗಳು ಕಳೆದ ಮೇಲೂ ಉಳಿದವರಿಗೆ ಆ್ಯಪ್ ತೋರಿಸಿ. ದುಡ್ಡು ಕೊಟ್ಟು ಯಾವುದನ್ನೂ ಕೊಳ್ಳಬೇಡಿ. ಓದಲು ಸ್ಟೋರಿವೀವರ್ ಎಂಬ ಮಕ್ಕಳ ಕತೆಗಳ ತಾಣದಲ್ಲಿ ಕನ್ನಡ, ಮರಾಠಿ ಎರಡರಲ್ಲೂ ಮಟ್ಟಕ್ಕೆ ತಕ್ಕ ಕತೆಗಳು ಉಚಿತ. ಲೆಕ್ಕಕ್ಕೆ ಖಾನ್ ಅಕಾಡೆಮಿ. ಶಾಲೆ ಪುಸ್ತಕದ ಕ್ಯೂಆರ್ ಕೋಡಿಗೆ ಸರಕಾರದ ದೀಕ್ಷಾ. ಅಷ್ಟು ಸಾಕು.

ಆಮೇಲೆ ಇವರ ಕಣ್ಣು ಇರುವುದು ಹತ್ತನೇ ತರಗತಿಯ ಸರ್ಟಿಫಿಕೇಟ್ ಮೇಲೆ. ವಾಚ್‌ಮನ್ ಕೆಲಸಕ್ಕೂ ಈಗ ಅದನ್ನೇ ಕೇಳುತ್ತಾರೆ. ಎರಡು ದಾರಿ ಇವೆ. ಮಹಾರಾಷ್ಟ್ರ ಬೋರ್ಡಿನಲ್ಲಿ 17 ನಂಬರ್ ಫಾರ್ಮ್ ತುಂಬಿ ಹೊರಗಿನಿಂದ ಪರೀಕ್ಷೆ ಬರೆಯುವುದು ಒಂದು. ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್‌ಐಒಎಸ್, ಇನ್ನೊಂದು. ಊರೂರು ಅಲೆಯುವವರಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ. 14 ತುಂಬಿದವರು ಸೇರಬಹುದು. ಐದು ವಿಷಯ ಪಾಸಾದರೆ ಸಾಕು. ಅದಕ್ಕೆ ಐದು ವರ್ಷ, ಒಂಬತ್ತು ಅವಕಾಶ. ಈ ಸಲ ಒಂದೇ ವಿಷಯ ಬರೆದು ಪಾಸಾದರೂ ಆ ಅಂಕ ಹಾಗೇ ಉಳಿಯುತ್ತದೆ. ಫೋನ್ ಕಾಲಿನ ಪಾಠಕ್ಕೆ ಈ ವೇಗ ಸರಿಹೋಗುತ್ತದೆ.

ಇನ್ನು ದಾನಿಯ ದುಡ್ಡು. ಮೊದಲ ಖರ್ಚು ಆ ಮಕ್ಕಳ ಕೇರಿಯಲ್ಲೇ ಹತ್ತನೆಯದು ದಾಟಿದ ಒಬ್ಬ ಹುಡುಗಿಗೆ ತಿಂಗಳ ಪಗಾರ. ಯಾರ ನಂಬರ್ ಬದಲಾಯಿತು, ಯಾರು ಸೈಟ್ ಬಿಟ್ಟರು, ಯಾರ ಮನೆಯಲ್ಲಿ ಜಗಳ, ಇದನ್ನೆಲ್ಲ ಅವಳು ನಿಮಗೆ ಹೇಳಬೇಕು. ಬಿಟ್ಟಿ ಸೇವೆ ಅಂತ ಅವಳನ್ನು ದುಡಿಸಬೇಡಿ. ಆಮೇಲೆ ರೀಚಾರ್ಜ್, ನಾಲ್ಕೈದು ಬಟನ್ ಫೋನ್, ಇಯರ್‌ಫೋನ್, ಪರೀಕ್ಷೆ ಫೀಸು, ಪರೀಕ್ಷಾ ಕೇಂದ್ರಕ್ಕೆ ಹೋಗುವ ಲೋಕಲ್ ಟಿಕೆಟ್. ಪರೀಕ್ಷೆಯ ದಿನದ ಕೂಲಿ ಹೋಗುತ್ತದಲ್ಲ, ಅದನ್ನೂ ಕೊಡಿ. ಇಷ್ಟಾಗಿಯೂ ಉಳಿದರೆ ಬಳಗದ ಕೋಣೆಯಲ್ಲಿ ಇಡಲು ಎರಡು ಟ್ಯಾಬ್ ಕೊಳ್ಳಿ. ಶುರು ಮಾಡಲು ದೀಪಾವಳಿ ಕಳೆದ ಮೇಲಿನ ವಾರ ಒಳ್ಳೆಯದು, ಎಲ್ಲರೂ ಊರಿಂದ ವಾಪಸ್ ಬಂದಿರುತ್ತಾರೆ. ಜೂನ್ ಹೊತ್ತಿಗೆ ಬಿತ್ತನೆಗೆ ಊರಿಗೆ ಹೋಗುವವರ ಪಟ್ಟಿಯನ್ನು ಮೇ ತಿಂಗಳಲ್ಲೇ ಮಾಡಿಕೊಳ್ಳಿ, ಹೊಲದಲ್ಲಿ ಯಾವ ಹೊತ್ತಿಗೆ ಸಿಗ್ನಲ್ ಸಿಗುತ್ತದೆ ಅಂತಲೂ ಕೇಳಿ ಬರೆದಿಟ್ಟುಕೊಳ್ಳಿ.